ಲೀಟರ್ ಹೇಳಿದರು, ಫ್ಯಾಟ್ ಹೇಳಲಿಲ್ಲ

ಬೆಳಗಿನ ಆರೂವರೆಗೆ ಮಂಡ್ಯದ ಕೊತ್ತತ್ತಿ ಹೋಬಳಿಯ ಯಾವ ಹಾಲಿನ ಡೈರಿ ಮುಂದೆ ನಿಂತರೂ ನೋಟ ಒಂದೇ. ಬೈಕಿನ ಹ್ಯಾಂಡಲಿಗೆ ನೇತುಬಿದ್ದ ಸ್ಟೀಲ್ ಕ್ಯಾನು, ಸೆರಗಲ್ಲಿ ಬಾಯಿ ಮುಚ್ಚಿದ ತಂಬಿಗೆ, ಇನ್ನೂ ಆರದ ನೊರೆ. ಡೈರಿಯವರು ಹಾಲನ್ನು ಅಳೆದು ಸುಮ್ಮನಾಗುವುದಿಲ್ಲ. ಪುಟ್ಟ ಬಟ್ಟಲಲ್ಲಿ ಒಂದಿಷ್ಟು ತೆಗೆದು ಯಂತ್ರದ ನಳಿಕೆಗೆ ಹಿಡಿಯುತ್ತಾರೆ. ಸ್ವಲ್ಪ ಹೊತ್ತಿಗೆ ಚೀಟಿ ಹೊರಗೆ ಬರುತ್ತದೆ: ಲೀಟರ್ ಇಷ್ಟು, ಫ್ಯಾಟ್ ಇಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಇಷ್ಟು, ದುಡ್ಡು ಇಷ್ಟು.

"ನೆನ್ನೆ ನಾಕಿತ್ತು, ಇವತ್ತು ಮೂರೂವರೆ ಅಂತೀಯಲ್ಲಪ್ಪ, ಹಸ ಅದೇ ಕನಾ!"

"ಮಿಸನ್ನು ಹೇಳ್ತದೆ ಕನಕ್ಕ, ನಾನಲ್ಲ."

ಜಗಳ ಅಲ್ಲಿಗೆ ಮುಗಿಯುತ್ತದೆ, ನಾಳೆ ಮತ್ತೆ ಶುರುವಾಗುತ್ತದೆ. ಆದರೆ ಲೀಟರ್ ಬೇರೆ, ಫ್ಯಾಟ್ ಬೇರೆ ಎಂಬ ವಿಷಯದಲ್ಲಿ ಆ ಸಾಲಿನಲ್ಲಿ ನಿಂತ ಯಾರಿಗೂ ಅನುಮಾನವಿಲ್ಲ. ಕಬ್ಬಿನದೂ ಇದೇ ಕತೆ. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಕ್ವಿಂಟಲ್‌ಗೆ ₹340 ದರ ಬರೀ ತೂಕಕ್ಕೆ ಕಟ್ಟಿದ್ದಲ್ಲ. ಶೇ 10.25 ಸಕ್ಕರೆ ಇಳುವರಿಗೆ ಅಂತ ಕಟ್ಟಿದ್ದು. ನಮ್ಮ ಕಡೆಯ ರೈತ ಮಾರುವ ಎರಡು ಮುಖ್ಯ ಸರಕಿಗೂ ಅಳತೆಯ ಜೊತೆ ಗುಣದ ಪರೀಕ್ಷೆ ಉಂಟು.

ಅದೇ ರೈತನ ಮಗ ಮಂಡ್ಯದ ನೂರಡಿ ರಸ್ತೆಗೆ ಬಂದು, ಹಾಲಿನ ಬಟವಾಡೆಯ ದುಡ್ಡಿಗೆ ಇಎಂಐ ಜೋಡಿಸಿ, ಮುಕ್ಕಾಲು ಲಕ್ಷದ ಫೋನ್ ಕೊಳ್ಳುತ್ತಾನೆ ಎನ್ನಿ. ಪೆಟ್ಟಿಗೆಯ ಮೇಲೆ "128 ಜಿಬಿ" ಅಂತ ಇರುತ್ತದೆ. ಅದು ಲೀಟರ್ ಲೆಕ್ಕ. ಆ 128 ಜಿಬಿಯ ಫ್ಯಾಟ್ ಎಷ್ಟು ಎಂದು ಅಲ್ಲಿ ಬರೆದಿರುವುದಿಲ್ಲ. ಅಂಗಡಿಯ ಹುಡುಗನನ್ನು ಕೇಳಿದರೆ ಅವನು ಕ್ಯಾಮೆರಾ ತೋರಿಸುತ್ತಾನೆ.

ಕಂಪನಿಯೇ ಒಪ್ಪಿಕೊಂಡ ತಪ್ಪು

ಈ ವಿಷಯ ನಮ್ಮ ದೇಶದ ಸಾಮಾನ್ಯ ಗ್ರಾಹಕನ ಕಿವಿಗೆ ಸರಿಯಾಗಿ ಬಿದ್ದದ್ದು 2024ರ ಆರಂಭದಲ್ಲಿ. ಬೆಂಗಳೂರಿನಲ್ಲಿ ಭಾರತದ ಕಚೇರಿ ಇಟ್ಟುಕೊಂಡಿರುವ ಒನ್‌ಪ್ಲಸ್ ಕಂಪನಿ ಆ ವರ್ಷದ ಜನವರಿ 23ರಂದು ದೆಹಲಿಯಲ್ಲಿ 12ಆರ್ ಎಂಬ ಫೋನ್ ಬಿಡುಗಡೆ ಮಾಡಿತು. 128 ಜಿಬಿಯದಕ್ಕೆ ₹39,999, 256 ಜಿಬಿಯದಕ್ಕೆ ₹45,999. ದೊಡ್ಡದರಲ್ಲಿ ಹೊಸ ಪೀಳಿಗೆಯ, ಅಂದರೆ "ಯುಎಫ್‌ಎಸ್ 4.0" ಸ್ಟೋರೇಜ್ ಇದೆ ಎಂದು ಕಂಪನಿ ಹೇಳಿಕೊಂಡಿತ್ತು.

ಫೋನ್ ಜನರ ಕೈಗೆ ಬಂತು. ಮರುತಿಂಗಳೇ ಕಂಪನಿಯ ಹಿರಿಯ ಅಧಿಕಾರಿ ಕಿಂಡರ್ ಲಿಯು, ನಾವು ಹೇಳಿದ್ದು ತಪ್ಪು, ಅದರೊಳಗಿರುವುದು ಹಿಂದಿನ ಪೀಳಿಗೆಯ 3.1 ಎಂದು ಬಹಿರಂಗವಾಗಿ ಒಪ್ಪಿಕೊಂಡರು. 256 ಜಿಬಿಯದನ್ನು ಕೊಂಡವರು 2024ರ ಮಾರ್ಚ್ 16ರೊಳಗೆ ವಾಪಸು ಕೊಟ್ಟು ಪೂರ್ತಿ ಹಣ ಪಡೆಯಬಹುದು ಎಂದೂ ಪ್ರಕಟಿಸಿದರು.

ಫೋನ್ ಕೆಟ್ಟಿರಲಿಲ್ಲ. ಬಿಸಿಯಾಗುತ್ತಿರಲಿಲ್ಲ, ಹ್ಯಾಂಗ್ ಆಗುತ್ತಿರಲಿಲ್ಲ. ಪರದೆಯ ಹಿಂದೆ, ಉಗುರಿನಷ್ಟು ಅಗಲದ ಒಂದು ಕಪ್ಪು ಚಿಪ್ಪಿನ ಪೀಳಿಗೆ ಬದಲಾಗಿತ್ತು, ಅಷ್ಟೆ. ಅಷ್ಟಕ್ಕೆ ₹46,000 ವಾಪಸು ಕೊಡಲು ಒಂದು ಕಂಪನಿ ಮುಂದಾಗಬೇಕಾದರೆ ಆ ಚಿಪ್ಪಿನಲ್ಲಿ ಏನಿದೆ?

ಅಟ್ಟ, ಪಡಸಾಲೆ ಮತ್ತು ದಾರಿ

ಮೊದಲು ಒಂದು ಗೊಂದಲ ಬಿಡಿಸೋಣ. ಅಂಗಡಿಯಲ್ಲಿ "8 ಪ್ಲಸ್ 128" ಅನ್ನುತ್ತಾರಲ್ಲ, ಅದರಲ್ಲಿ ಎಂಟು ಎಂದರೆ ರ‍್ಯಾಮ್, ನೂರಿಪ್ಪತ್ತೆಂಟು ಎಂದರೆ ಸ್ಟೋರೇಜ್. ರ‍್ಯಾಮ್ ಮನೆಯ ಪಡಸಾಲೆ ಇದ್ದಂತೆ. ಈ ಹೊತ್ತಿನ ಕೆಲಸವೆಲ್ಲ ಅಲ್ಲಿ ಹರಡಿಕೊಂಡಿರುತ್ತದೆ, ಫೋನ್ ಆಫ್ ಆದರೆ ಖಾಲಿ. ಸ್ಟೋರೇಜ್ ಅಟ್ಟ. ಮದುವೆ ಫೋಟೊ, ವಾಟ್ಸ್ಆ್ಯಪ್ ವಿಡಿಯೊ, ಆ್ಯಪ್‌ಗಳು, ಫೋನಿನ ಸ್ವಂತ ತಂತ್ರಾಂಶ ಎಲ್ಲ ಇರುವುದು ಅಲ್ಲಿ. ಕರೆಂಟ್ ಹೋದರೂ ಅಟ್ಟದ ಸಾಮಾನು ಎಲ್ಲಿಗೂ ಹೋಗದು.

ಈ ಅಟ್ಟ ಕಟ್ಟಿರುವುದು ನ್ಯಾಂಡ್ ಫ್ಲ್ಯಾಶ್ ಎಂಬ ಸರಕಿನಿಂದ. ಜಪಾನಿನ ತೋಷಿಬಾ ಕಂಪನಿಯ ಎಂಜಿನಿಯರ್ ಫುಜಿಯೊ ಮಸುವೋಕ ಮತ್ತು ಜೊತೆಗಾರರು 1987ರಲ್ಲಿ ಜಗತ್ತಿನ ಮುಂದಿಟ್ಟ ತಂತ್ರ ಅದು. ಕೋಟಿಗಟ್ಟಲೆ ಪುಟ್ಟ ಪುಟ್ಟ ಕೋಶಗಳು, ಒಂದೊಂದರಲ್ಲೂ ಒಂದಿಷ್ಟು ಎಲೆಕ್ಟ್ರಾನ್ ಕೂಡಿಹಾಕಿ ಬಾಗಿಲು ಮುಚ್ಚುವುದು. ಎಷ್ಟು ಮಟ್ಟಕ್ಕೆ ತುಂಬಿದೆ ಎನ್ನುವುದೇ ಬರಹ. ಒಂದು ಕೋಶದಲ್ಲಿ ಎಂಟು ಮಟ್ಟ ಗುರುತಿಸುವ ಬಗೆಗೆ ಟಿಎಲ್‌ಸಿ ಎಂದೂ, ಹದಿನಾರು ಮಟ್ಟ ಗುರುತಿಸುವ ಬಗೆಗೆ ಕ್ಯೂಎಲ್‌ಸಿ ಎಂದೂ ಹೆಸರು. ಒಂದೇ ತಂಬಿಗೆಗೆ ಎಂಟು ಗೆರೆ ಎಳೆದರೆ ದೂರದಿಂದಲೂ ಓದಬಹುದು. ಹದಿನಾರು ಎಳೆದರೆ ಬಗ್ಗಿ, ಕಣ್ಣು ಕಿರಿದು ಮಾಡಿ ಓದಬೇಕು. ಗೆರೆ ಹೆಚ್ಚಾದಷ್ಟೂ ಚಿಪ್ ಅಗ್ಗ, ಬರೆಯುವುದು ನಿಧಾನ, ಬಾಳಿಕೆ ಕಮ್ಮಿ.

ಅಟ್ಟದಷ್ಟೇ ಮುಖ್ಯ, ಅಲ್ಲಿಗೆ ಹತ್ತಿ ಇಳಿಯುವ ದಾರಿ. ಹಳೆಯ ಬಗೆಯ ದಾರಿಗೆ ಇಎಂಎಂಸಿ ಅಂತ ಹೆಸರು. ಅದು ನಾಲೆ ಏರಿಯ ಮೇಲಿನ ರಸ್ತೆ. ಕಬ್ಬು ತುಂಬಿದ ಟ್ರ್ಯಾಕ್ಟರ್ ಎದುರಿಗೆ ಬಂತೋ, ನೀವು ಬದಿಗೆ ನಿಂತು ಅದನ್ನು ಬಿಟ್ಟೇ ಮುಂದೆ ಹೋಗಬೇಕು. ಓದುವಾಗ ಬರೆಯುವಂತಿಲ್ಲ, ಬರೆಯುವಾಗ ಓದುವಂತಿಲ್ಲ. ಯುಎಫ್‌ಎಸ್ ಎಂಬುದು 2023ರ ಮಾರ್ಚ್ 12ರಂದು ಪ್ರಧಾನಿ ಮಂಡ್ಯ ಜಿಲ್ಲೆಗೇ ಬಂದು ಉದ್ಘಾಟಿಸಿದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಇದ್ದಂತೆ. ಹೋಗುವವರದು ಒಂದು ಕಡೆ, ಬರುವವರದು ಇನ್ನೊಂದು ಕಡೆ, ಯಾರೂ ಯಾರಿಗೂ ಕಾಯುವುದಿಲ್ಲ. (ಟೋಲ್ ಮಾತು ಬಿಡಿ, ಅದಕ್ಕೆ ಇನ್ನೊಂದು ಭಾನುವಾರ ಬೇಕು.)

ಯುಎಫ್‌ಎಸ್ ಫೋನಿಗೆ ಬಂದದ್ದು 2015ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್6ನಿಂದ. ಆಮೇಲೆ ಅದರಲ್ಲೇ ಪೀಳಿಗೆ ಮೇಲೆ ಪೀಳಿಗೆ. 2019ರ ಮೇ 14ರಂದು ನ್ಯೂಯಾರ್ಕ್, ಲಂಡನ್ ಜೊತೆಗೇ ಬೆಂಗಳೂರಿನಲ್ಲೂ ಒನ್‌ಪ್ಲಸ್ 7 ಪ್ರೊ ಬಿಡುಗಡೆಯಾದಾಗ ಯುಎಫ್‌ಎಸ್ 3.0 ಎನ್ನುವುದು ವೇದಿಕೆಯ ಮೇಲೆ ಹೇಳಿಕೊಳ್ಳುವ ಹೆಮ್ಮೆಯ ಮಾತಾಗಿತ್ತು. ಎಂಜಿನಿಯರುಗಳ ನಡುವಿನ ಸಂಕೇತ ಗ್ರಾಹಕನನ್ನು ಸೆಳೆಯುವ ಪದವಾಯಿತು.

ಅಂಕಿ ನೋಡಿ. ಇಎಂಎಂಸಿಯ ಕೊನೆಯ ದೊಡ್ಡ ಆವೃತ್ತಿ 5.1ರ ದಾರಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 400 ಮೆಗಾಬೈಟ್ ಹರಿಯಬಹುದು. ಸ್ಯಾಮ್‌ಸಂಗ್ ತನ್ನ ಯುಎಫ್‌ಎಸ್ 3.1 ಚಿಪ್ಪಿಗೆ ಕೊಟ್ಟ ಲೆಕ್ಕ ಓದಲು 2,100, ಬರೆಯಲು 1,200. 2022ರ ಮೇ ತಿಂಗಳಲ್ಲಿ ಪ್ರಕಟಿಸಿದ 4.0 ಚಿಪ್ಪಿಗೆ 4,200 ಮತ್ತು 2,800. ಇವೆಲ್ಲ ಕಾಗದದ ಮೇಲಿನ ಗರಿಷ್ಠ, ಕೈಯಲ್ಲಿರುವ ಫೋನಿನಲ್ಲಿ ಅಷ್ಟು ಸಿಗುವುದಿಲ್ಲ. ಆದರೂ ಮೆಟ್ಟಿಲ ಎತ್ತರ ತಿಳಿಯುತ್ತದೆ.

ಒಂದೇ ಹೆಸರು, ಮೂರು ಬಗೆ

ಒನ್‌ಪ್ಲಸ್‌ನವರು ಹೇಳಿದ್ದು ಒಂದು, ಹಾಕಿದ್ದು ಒಂದು. ಆದರೆ ಹಾಕಿದ್ದು ಎಲ್ಲರಿಗೂ ಒಂದೇ. ಅದಕ್ಕಿಂತ ಸಿಟ್ಟು ತರಿಸುವ ಪ್ರಸಂಗ ಅದಕ್ಕೂ ಏಳು ವರ್ಷ ಹಿಂದಿನದು.

ಚೀನಾದ ಹುವಾವೆ 2017ರ ಫೆಬ್ರವರಿಯಲ್ಲಿ ಬಾರ್ಸಿಲೋನಾದಲ್ಲಿ ಪಿ10 ಮತ್ತು ಪಿ10 ಪ್ಲಸ್ ಎಂಬ ದುಬಾರಿ ಫೋನ್‌ಗಳನ್ನು ಬಿಟ್ಟಿತು. ಏಪ್ರಿಲ್ ಹೊತ್ತಿಗೆ ಕೊಂಡವರು ವೇಗ ಅಳೆಯುವ ಆ್ಯಪ್ ಹಾಕಿ ನೋಡಿದಾಗ ಲೆಕ್ಕ ಕೂಡಲಿಲ್ಲ. ಒಬ್ಬನ ಫೋನ್ ಸೆಕೆಂಡಿಗೆ 700 ಮೆಗಾಬೈಟ್ ದಾಟಿ ಓದುತ್ತಿತ್ತು. ಅದೇ ಬಣ್ಣದ, ಅದೇ ಬೆಲೆಯ, ಅದೇ ಹೆಸರಿನ ಇನ್ನೊಬ್ಬನದು 300 ಮುಟ್ಟಲು ಏದುಸಿರು ಬಿಡುತ್ತಿತ್ತು. ಕೆಲವದರಲ್ಲಿ ಯುಎಫ್‌ಎಸ್ 2.1, ಕೆಲವದರಲ್ಲಿ 2.0, ಇನ್ನು ಕೆಲವದರಲ್ಲಿ ಹಳೆಯ ಇಎಂಎಂಸಿ. ರ‍್ಯಾಮ್‌ನಲ್ಲೂ ಹೀಗೆಯೇ ಬೆರಕೆ ಆಗಿದೆ ಎಂಬ ದೂರು ಜೊತೆಗೆ ಬಂತು.

ಕಂಪನಿಯ ಗ್ರಾಹಕ ವಿಭಾಗದ ಮುಖ್ಯಸ್ಥ ರಿಚರ್ಡ್ ಯು ಮೊದಲು ಕೊಟ್ಟ ಉತ್ತರ, ಫ್ಲ್ಯಾಶ್ ಚಿಪ್ಪಿಗೆ ಭಾರಿ ಕೊರತೆ ಇದೆ, ಒಂದೇ ಬಗೆ ಹಾಕುತ್ತೇವೆ ಎಂದು ನಾವು ಮಾತು ಕೊಟ್ಟೇ ಇರಲಿಲ್ಲ ಎಂಬ ಧಾಟಿಯದು. ಜನ ಇನ್ನಷ್ಟು ಕೆರಳಿದರು. ಆಮೇಲೆ ಅವರೇ ಧಾಟಿ ಬದಲಿಸಿ ಗ್ರಾಹಕರ ಕ್ಷಮೆ ಕೇಳಿದರು.

ಇಲ್ಲಿ ಲಾಟರಿ ಎತ್ತಿದ್ದು ಗ್ರಾಹಕ, ಲಾಟರಿ ಎಂದು ಗೊತ್ತಿಲ್ಲದೆ. ಡೈರಿಯಲ್ಲಿ ಒಂದೇ ಕ್ಯಾನಿನ ಹಾಲಿಗೆ ಇಬ್ಬರಿಗೆ ಬೇರೆ ಬೇರೆ ಚೀಟಿ ಕೊಟ್ಟಿದ್ದರೆ ಆ ಸಂಘದ ಚುನಾವಣೆ ಅಂದೇ ಆಗುತ್ತಿತ್ತು.

ಬೆರಕೆಯೆಲ್ಲ ಮೋಸ ಎಂದೂ ಹೇಳಲಾಗದು. 2015ರ ಐಫೋನ್ 6ಎಸ್‌ನ ಮುಖ್ಯ ಚಿಪ್ಪನ್ನು ಸ್ಯಾಮ್‌ಸಂಗ್ ಮತ್ತು ತೈವಾನಿನ ಟಿಎಸ್‌ಎಂಸಿ ಇಬ್ಬರೂ ಮಾಡಿಕೊಟ್ಟಿದ್ದರು. ಯಾರ ಕೈಗೆ ಯಾವುದು ಸಿಕ್ಕಿತೆಂದು ಜಗತ್ತಿನಾದ್ಯಂತ ಹುಡುಕಾಟ ನಡೆಯಿತು. ನಿಜ ಬಳಕೆಯಲ್ಲಿ ಬ್ಯಾಟರಿ ವ್ಯತ್ಯಾಸ ಶೇ 2ರಿಂದ 3ರಷ್ಟು ಮಾತ್ರ ಎಂದು ಆ್ಯಪಲ್ ಹೇಳಿತು. ಒಂದೇ ಅಳತೆಗೆ ಇಬ್ಬರು ಹೊಲಿದ ಅಂಗಿ ಅದು, ಹೊಲಿಗೆಯಲ್ಲಿ ನೂಲಿನಷ್ಟು ಹೆಚ್ಚುಕಮ್ಮಿ. ಪಿ10ನಲ್ಲಿ ಆದದ್ದು ಬಟ್ಟೆಯೇ ಬೇರೆ.

ಹದಿಮೂರು ನಿಮಿಷದ ಕರೆಂಟ್ ಕಟ್

ಹಾಗಾದರೆ ಒಂದೇ ಕಡೆಯಿಂದ ಒಂದೇ ಚಿಪ್ ತರಿಸಿ ಹಾಕಬಾರದೇ? ಬಾರದು. ಕಾರಣ ಕೇಳಿದರೆ ನಮಗೆ ಕರೆಂಟ್ ಕೊಡುವ ಸೆಸ್ಕ್ ನೆನಪಾಗುತ್ತದೆ.

ಜಪಾನಿನ ಯೊಕ್ಕಾಯಿಚಿ ಎಂಬ ಊರಿನಲ್ಲಿ ತೋಷಿಬಾ ಮೆಮೊರಿ (ಈಗ ಅದರ ಹೆಸರು ಕಿಯೋಕ್ಸಿಯಾ) ಮತ್ತು ಅಮೆರಿಕದ ವೆಸ್ಟರ್ನ್ ಡಿಜಿಟಲ್ ಸೇರಿ ನಡೆಸುತ್ತಿದ್ದ ಭಾರಿ ಚಿಪ್ ಕಾರ್ಖಾನೆಗಳಿವೆ. 2019ರ ಜೂನ್ 15ರಂದು ಆ ಪ್ರದೇಶದಲ್ಲಿ ಕರೆಂಟ್ ಹೋಯಿತು. ಹೋಗಿದ್ದು 13 ನಿಮಿಷ. ನಮ್ಮಲ್ಲಿ ಅಷ್ಟು ಹೊತ್ತಿಗೆ ಯಾರೂ ಲೈನ್‌ಮ್ಯಾನ್‌ಗೆ ಫೋನ್ ಕೂಡ ಮಾಡುವುದಿಲ್ಲ. ಅಲ್ಲಿ ತಯಾರಿಯ ಹಂತದಲ್ಲಿದ್ದ ಸರಕು ಹಾಳಾಯಿತು. ವೆಸ್ಟರ್ನ್ ಡಿಜಿಟಲ್ ತನ್ನ ಪಾಲಿನ ನಷ್ಟವನ್ನೇ ಸುಮಾರು 6 ಎಕ್ಸಾಬೈಟ್ ಎಂದು ಅಂದಾಜು ಮಾಡಿತು. 128 ಜಿಬಿ ಫೋನ್‌ಗಳ ಲೆಕ್ಕಕ್ಕೆ ಇಳಿಸಿದರೆ ನಾಲ್ಕೂವರೆ ಕೋಟಿಗೂ ಹೆಚ್ಚು ಫೋನುಗಳ ಅಟ್ಟ. 2022ರ ಫೆಬ್ರವರಿಯಲ್ಲಿ ಇದೇ ಜೋಡಿಯ ಕಾರ್ಖಾನೆಗಳಲ್ಲಿ ಕಚ್ಚಾವಸ್ತು ಕಲುಷಿತಗೊಂಡು ಇನ್ನೊಮ್ಮೆ ಇಷ್ಟೇ ದೊಡ್ಡ ಪೆಟ್ಟು ಬಿತ್ತು.

ಈ ಚಿಪ್ ಮಾಡುವ ದೊಡ್ಡವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಜಪಾನಿನ ಕಿಯೋಕ್ಸಿಯಾ, ಅಮೆರಿಕದ ಮೈಕ್ರಾನ್ ಮತ್ತು ಸ್ಯಾನ್‌ಡಿಸ್ಕ್, ಜೊತೆಗೆ ಚೀನಾದವರು. ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಾರೆ, ದೇವನಹಳ್ಳಿ ಕಡೆಯಲ್ಲೂ ಜೋಡಿಸುತ್ತಾರೆ. ಆದರೆ ಒಳಗಿನ ಈ ಕಪ್ಪು ಚಿಪ್ ಬರಬೇಕಾದದ್ದು ಸಮುದ್ರದಾಚೆಯಿಂದಲೇ. ಒಬ್ಬನನ್ನೇ ನಂಬಿ ಕೂತರೆ ಅವನ ಊರಿನ ಕರೆಂಟ್ ಹೋದ ದಿನ ಇಲ್ಲಿನ ಸಾಲು ನಿಲ್ಲುತ್ತದೆ. ಅದಕ್ಕೇ ಫೋನ್ ಕಂಪನಿಗಳು ಇಬ್ಬರು ಮೂವರಿಂದ ತರಿಸುತ್ತವೆ. ಒಂದೇ ಮಾನದಂಡ ಹೇಳಿ ತರಿಸಿದರೆ ತಕರಾರಿಲ್ಲ. ಕೊರತೆ ಬಂದಾಗ ಆ ಮಾನದಂಡವನ್ನೇ ಸಡಿಲ ಮಾಡಿದರೆ ಪಿ10 ಆಗುತ್ತದೆ.

ಕೊರತೆ ಈಗ ಮತ್ತೆ ಬಾಗಿಲಿಗೆ ಬಂದಿದೆ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್ಪನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಗೆ ಬೆಲೆ ಜಿಗಿಯಿತು. ಕಂಪ್ಯೂಟರ್ ರಿಪೇರಿಯವರೆಲ್ಲ ಬಲ್ಲ ಕ್ರೂಶಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ಮುಚ್ಚುವುದಾಗಿ ಮೈಕ್ರಾನ್ ಆ ವರ್ಷದ ಡಿಸೆಂಬರ್‌ನಲ್ಲಿ ಪ್ರಕಟಿಸಿತು. 2017ರಲ್ಲಿ ಕೇಳಿದ ನೆಪ ಇನ್ನೊಮ್ಮೆ ಕೇಳಲು ಸಿಕ್ಕರೆ ಆಶ್ಚರ್ಯವಿಲ್ಲ.

₹5,000 ವ್ಯತ್ಯಾಸದೊಳಗೆ ಏನಿತ್ತು

ಮೂರನೆಯ ಬಗೆಯ ಕಿರಿಕಿರಿ ಇನ್ನೂ ನುಣುಪಾದದ್ದು. ಇದರಲ್ಲಿ ಸುಳ್ಳೂ ಇಲ್ಲ, ಲಾಟರಿಯೂ ಇಲ್ಲ. ಚಿಕ್ಕದು ಕೊಂಡವನಿಗೆ ನಿಧಾನದ್ದು, ದೊಡ್ಡದು ಕೊಂಡವನಿಗೆ ವೇಗದ್ದು. ಹಾಗೆಂದು ಯಾರೂ ಗಟ್ಟಿಯಾಗಿ ಹೇಳಿರುವುದಿಲ್ಲ.

2016ರ ಐಫೋನ್ 7 ಇಲ್ಲಿ ₹60,000ದಿಂದ ಶುರುವಾಯಿತು. ಆ ಬೆಲೆಗೆ ಸಿಗುತ್ತಿದ್ದ 32 ಜಿಬಿ ಫೋನ್ ಬರೆಯುವ ವೇಗದಲ್ಲಿ 128 ಜಿಬಿಯದಕ್ಕಿಂತ ಸುಮಾರು ಎಂಟು ಪಟ್ಟು ಹಿಂದಿದೆ ಎಂದು ಅಳೆದು ನೋಡಿದವರು ತೋರಿಸಿದರು. ಸೆಕೆಂಡಿಗೆ 42 ಮೆಗಾಬೈಟ್ ಎಲ್ಲಿ, 341 ಎಲ್ಲಿ!

ಹೀಗಾಗುವುದಕ್ಕೆ ಸರಳ ಕಾರಣವಿದೆ. ದೊಡ್ಡ ಸ್ಟೋರೇಜ್ ಅಂದರೆ ಒಳಗೆ ಹೆಚ್ಚು ಸಿಲಿಕಾನ್ ಬಿಲ್ಲೆಗಳು, ಎಲ್ಲಕ್ಕೂ ಏಕಕಾಲಕ್ಕೆ ಬರೆಯಬಹುದು. ಲೋಡು ಕಬ್ಬು ಇಳಿಸಲು ಎಂಟು ಆಳು ನಿಂತಂತೆ. ಚಿಕ್ಕದರಲ್ಲಿ ಒಂದೋ ಎರಡೋ ಆಳು. ಅವರೇನೂ ಸೋಮಾರಿಗಳಲ್ಲ, ಕೈ ಕಮ್ಮಿ ಅಷ್ಟೆ.

2023ರ ಫೆಬ್ರವರಿಯಲ್ಲಿ ಬಂದ ಗ್ಯಾಲಕ್ಸಿ ಎಸ್23ನಲ್ಲಿ ಈ ತಾರತಮ್ಯ ಇನ್ನೊಂದು ಮೆಟ್ಟಿಲು ಏರಿತು. 128 ಜಿಬಿಯದರಲ್ಲಿ ಯುಎಫ್‌ಎಸ್ 3.1, 256ರಿಂದ ಮೇಲೆ 4.0. ಭಾರತದಲ್ಲಿ ಮೊದಲನೆಯದಕ್ಕೆ ₹74,999, ಎರಡನೆಯದಕ್ಕೆ ₹79,999. ನಡುವಿನ ₹5,000ಕ್ಕೆ ಅಟ್ಟ ಎರಡು ಪಟ್ಟಾದದ್ದು ಮಾತ್ರವಲ್ಲ, ದಾರಿಯೂ ಎರಡು ಪಟ್ಟು ಅಗಲವಾಗಿತ್ತು. "ನನಗೆ 128 ಸಾಕು, ಫೋಟೊ ಜಾಸ್ತಿ ಇಡಲ್ಲ" ಎಂದು ಲೆಕ್ಕ ಹಾಕಿ ಕೊಂಡ ಮಿತವ್ಯಯಿ ಕಮ್ಮಿ ಜಾಗಕ್ಕೆ ಮಾತ್ರ ಒಪ್ಪಿದ್ದ. ಕಮ್ಮಿ ವೇಗಕ್ಕೂ ಅವನ ರುಜು ಹಾಕಿಸಿಕೊಂಡಂತಾಯಿತು.

ಅದೇ ತಿಂಗಳು ಬಂದ ಒನ್‌ಪ್ಲಸ್ 11ರದ್ದೂ ಇದೇ ಹಂಚಿಕೆ: ಚಿಕ್ಕದಕ್ಕೆ 3.1, ದೊಡ್ಡದಕ್ಕೆ 4.0. ಆದರೆ ಅದನ್ನು ವಿವರಪಟ್ಟಿಯಲ್ಲೇ ಬರೆದಿದ್ದರು. ಬರೆದಿದ್ದರಿಂದ ಗದ್ದಲವೂ ಆಗಲಿಲ್ಲ.

ಇಲ್ಲೊಂದು ವಿಚಿತ್ರವಿದೆ. ಮರುವರ್ಷ 12ಆರ್‌ನಲ್ಲಿ ಸಿಕ್ಕಿಬಿದ್ದದ್ದೂ ಇವರೇ, ಪೀಳಿಗೆಯ ಹೆಸರು ಹೇಳುವ ಅಭ್ಯಾಸ ಇಟ್ಟುಕೊಂಡವರು. ಬರೀ "128 ಜಿಬಿ" ಎಂದು ಬರೆದು ಬಾಯಿ ಮುಚ್ಚಿಕೊಂಡವರನ್ನು ಹಿಡಿಯಲು ಯಾವ ಮಾತೂ ಇಲ್ಲ. ಹೇಳಿ ತಪ್ಪಿದವನಿಗೆ ದಂಡ, ಹೇಳದೆ ಇದ್ದವನಿಗೆ ಏನೂ ಇಲ್ಲ. ನನ್ನ ಮಟ್ಟಿಗೆ ಈ ಇಡೀ ತಕರಾರಿನ ಗಂಟು ಇರುವುದು ಇಲ್ಲೇ. ಚಿಪ್ ನಿಧಾನ ಎಂಬುದಕ್ಕಿಂತ, ಬಾಯಿ ಬಿಡದವನೇ ಜಾಣ ಎನಿಸಿಕೊಳ್ಳುವ ವ್ಯವಸ್ಥೆ ದೊಡ್ಡ ದೋಷ.

ಬಳಸುವವನಿಗೆ ಗೊತ್ತಾಗುತ್ತದೆಯೇ

ಇಎಂಎಂಸಿಗೂ ಯುಎಫ್‌ಎಸ್‌ಗೂ ಇರುವ ಅಂತರ ಯಾರಿಗಾದರೂ ಗೊತ್ತಾಗುತ್ತದೆ. ಒಂದು ಕಡೆ ಆ್ಯಪ್ ಅಪ್‌ಡೇಟ್ ಆಗುತ್ತಿರುವಾಗ ಇನ್ನೊಂದು ಕಡೆ ಗ್ಯಾಲರಿ ತೆರೆದು ನೋಡಿ, ಬಿಳಿ ಚೌಕಗಳು ಕೂತೇ ಇರುತ್ತವೆ. 3.1 ಮತ್ತು 4.0 ನಡುವಿನ ಅಂತರ ಹಾಗಲ್ಲ. ಫೋನ್‌ಪೇ, ವಾಟ್ಸ್ಆ್ಯಪ್, ರೀಲ್ಸ್ ಇಷ್ಟರಲ್ಲೇ ದಿನ ಕಳೆಯುವವರಿಗೆ ಅದು ತಿಳಿಯುವುದೇ ಇಲ್ಲ ಎಂದರೂ ನಡೆದೀತು. ಮದುವೆ ಮನೆಯಲ್ಲಿ ದೊಡ್ಡ ದೊಡ್ಡ ವಿಡಿಯೊ ತೆಗೆದು ಅಲ್ಲೇ ಕತ್ತರಿಸಿ ಕಳಿಸುವ ಹುಡುಗರಿಗೆ, ಭಾರಿ ಗೇಮ್ ಆಡುವವರಿಗೆ ತಿಳಿಯುತ್ತದೆ. ಇನ್ನು ಮೂರ್ನಾಲ್ಕು ವರ್ಷ ಕಳೆದು ಅಟ್ಟ ಮುಕ್ಕಾಲು ತುಂಬಿದ ಮೇಲೆ ನಿಧಾನದ ಚಿಪ್ ಮೊದಲು ಸುಸ್ತಾಗುತ್ತದೆ. ಬದಲಾಯಿಸೋಣವೆಂದರೆ ಅದು ಬೋರ್ಡಿಗೆ ಬೆಸುಗೆಯಾಗಿರುತ್ತದೆ. ಬ್ಯಾಟರಿ, ಪರದೆ ಹಾಕಿಸಿದಂತೆ ಹಾಕಿಸಲು ಬರುವುದಿಲ್ಲ.

ಒಳಗಿನದನ್ನು ನೋಡದೆ ಹೊರಗಿನ ಅಂಕಿ ನಂಬಿದ ಪಾಠ ನನಗೂ ಆಗಿದೆ. ಕೆಲವು ವರ್ಷದ ಕೆಳಗೆ ಬಸ್ ಸ್ಟ್ಯಾಂಡ್ ಬಳಿಯ ಒಂದು ಅಂಗಡಿಯಲ್ಲಿ 64 ಜಿಬಿ ಮೆಮೊರಿ ಕಾರ್ಡ್ ಕೊಂಡೆ. ಫೋನಿಗೆ ಹಾಕಿದಾಗ 64 ಎಂದೇ ತೋರಿಸಿತು. ತಂಗಿಯ ಮಗುವಿನ ನಾಮಕರಣದ ಫೋಟೊ ಎಲ್ಲ ಅದರಲ್ಲೇ. ತಿಂಗಳ ನಂತರ ತೆರೆದರೆ ಮೊದಲ ನೂರಿನ್ನೂರು ಸರಿಯಾಗಿದ್ದವು. ಆಮೇಲಿನವೆಲ್ಲ ಅರ್ಧ ಚಿತ್ರ, ಅರ್ಧ ಬೂದಿ ಬಣ್ಣ. ನಿಜದಲ್ಲಿ ಅದು 8 ಜಿಬಿ ಕಾರ್ಡ್, 64 ಎಂದು ಹೇಳುವಂತೆ ತಿದ್ದಿಟ್ಟಿದ್ದರು. ಕೇಳಲು ಹೋದರೆ, "ಬಿಲ್ ಐತಾ ಸಾ?" ಅಂದ ಅಂಗಡಿಯಾತ. ಬಿಲ್ ಇರಲಿಲ್ಲ. ಅದು ಶುದ್ಧ ಕಳ್ಳ ಮಾಲು, ದೊಡ್ಡ ಕಂಪನಿಗಳ ಬೆರಕೆಯನ್ನು ಅದಕ್ಕೆ ಹೋಲಿಸಬಾರದು. ಆದರೆ ಎರಡು ಕಡೆಯೂ ಕೊಳ್ಳುವವನ ಕೈಗೆ ಸಿಗುವುದು ಹೊರಗಿನ ಅಂಕಿ ಮಾತ್ರ.

ಬೇರೆ ದಾರಿ ಇಲ್ಲವೆಂದಲ್ಲ. ಕಂಪ್ಯೂಟರ್‌ಗೆ ಹಾಕುವ ಎಸ್‌ಎಸ್‌ಡಿಗಳಲ್ಲಿ ಇದೇ ಜಗಳ 2021ರಲ್ಲಿ ನಡೆಯಿತು. ವೆಸ್ಟರ್ನ್ ಡಿಜಿಟಲ್ ತನ್ನ ಎಸ್‌ಎನ್550 ಎಂಬ ಮಾದರಿಯಲ್ಲಿ ಹೆಸರು ಬದಲಿಸದೆ ಒಳಗಿನ ಫ್ಲ್ಯಾಶ್ ಬದಲಿಸಿತ್ತು. ಸಿಕ್ಕಿಬಿದ್ದ ಮೇಲೆ, ಇನ್ನು ಮುಂದೆ ಪ್ರಕಟಿತ ವಿವರಕ್ಕೆ ಧಕ್ಕೆ ಬರುವ ಬದಲಾವಣೆ ಮಾಡಿದರೆ ಹೊಸ ಮಾದರಿ ಸಂಖ್ಯೆಯನ್ನೇ ಕೊಡುತ್ತೇವೆ ಎಂದು ಮಾತು ಕೊಟ್ಟಿತು. ಒಂದು ಅಂಕಿ ಬದಲಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ ಎಂದಾಯಿತು.

ಕಾಯ್ದೆ ಕಡೆಯಿಂದ

ನಂದಿನಿಯ ನೀಲಿ ಪ್ಯಾಕೆಟ್ ತಿರುಗಿಸಿ ನೋಡಿ. ಫ್ಯಾಟ್ ಶೇ 3, ಎಸ್‌ಎನ್‌ಎಫ್ ಶೇ 8.5 ಎಂದು ಅಚ್ಚಾಗಿರುತ್ತದೆ. ಅರ್ಧ ಲೀಟರ್ ಹಾಲಿಗೆ ಇರುವ ಈ ಮರ್ಯಾದೆ ಮುಕ್ಕಾಲು ಲಕ್ಷದ ಫೋನಿಗೆ ಇಲ್ಲ.

ಆದರೆ ಕಾಯ್ದೆ ಮೂಕವಾಗಿಲ್ಲ. 2020ರ ಜುಲೈ 20ರಿಂದ ಜಾರಿಯಲ್ಲಿರುವ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಗ್ರಾಹಕನ ಹಕ್ಕುಗಳನ್ನು ಎಣಿಸುವಾಗ ಸರಕಿನ ಪ್ರಮಾಣದ ಜೊತೆಗೇ ಗುಣಮಟ್ಟ, ದರ್ಜೆ, ಬೆಲೆಯ ಬಗ್ಗೆ ತಿಳಿದುಕೊಳ್ಳುವ ಹಕ್ಕನ್ನೂ ಹೆಸರಿಸುತ್ತದೆ. ಸುಳ್ಳು ವಿವರಣೆ ಕೊಡುವುದಷ್ಟೇ ಅಲ್ಲ, ಮುಖ್ಯ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದೂ ದಾರಿತಪ್ಪಿಸುವ ಜಾಹೀರಾತಿನ ವ್ಯಾಖ್ಯೆಯೊಳಗೆ ಬರುತ್ತದೆ. ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದಕ್ಕೆ ಮೊದಲ ಸಲ ₹10 ಲಕ್ಷದವರೆಗೆ, ಮತ್ತೆ ಮಾಡಿದರೆ ₹50 ಲಕ್ಷದವರೆಗೆ ದಂಡ ಹಾಕಬಹುದು. ಸ್ಟೋರೇಜ್‌ನ ಪೀಳಿಗೆ "ಮುಖ್ಯ ಮಾಹಿತಿ" ಹೌದೋ ಅಲ್ಲವೋ ಎಂಬಲ್ಲಿ ವಕೀಲರು ವಾದಿಸಬಹುದು. ವೇದಿಕೆಯ ಮೇಲೆ ನಿಂತು ಅದನ್ನೇ ಕೂಗಿ ಹೇಳಿ ಮಾರುವವರು, ನ್ಯಾಯಾಲಯದಲ್ಲಿ ಅದು ಮುಖ್ಯವಲ್ಲ ಎನ್ನುವುದು ಕಷ್ಟ.

ಕೊಳ್ಳುವ ಮುಂಚೆ ಕಂಪನಿಯ ವೆಬ್‌ಸೈಟಿನಲ್ಲಿ ನಿಮಗೆ ಬೇಕಾದ ಜಿಬಿಯ ಎದುರಿಗೆ ಯಾವ ಬಗೆ ಎಂದು ಬರೆದಿದೆಯೇ ನೋಡಿ, ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಕಂಪನಿಗಳು ಮೊದಲು ತಿದ್ದುವುದೇ ಆ ಪುಟವನ್ನು. ಫೋನ್ ಬಂದ ದಿನವೇ, ವಾಪಸು ಕೊಡುವ ಗಡುವಿನೊಳಗೆ, ಆಂಡ್ರೋಬೆಂಚ್‌ನಂಥ ಪುಕ್ಕಟೆ ಆ್ಯಪ್ ಹಾಕಿ ಎರಡು ಮೂರು ಸಲ ಅಳೆಯಿರಿ. ಅದೇ ಮಾದರಿ, ಅಷ್ಟೇ ಜಿಬಿಯ ಇನ್ನೊಬ್ಬರ ಫೋನಿನಲ್ಲೂ ಅಳೆಸಿ. ನೂರಿನ್ನೂರು ಹೆಚ್ಚುಕಮ್ಮಿ ಬಂದರೆ ಗಾಬರಿ ಬೇಡ. ಅರ್ಧಕ್ಕರ್ಧ ಇಳಿದಿದ್ದರೆ ಕೇಳಿ, ಲಿಖಿತವಾಗಿ ಕೇಳಿ. ಬಿಲ್ಲನ್ನಂತೂ ಬಿಡಲೇಬೇಡಿ.

ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಫೋನ್ ಕೊಂಡದ್ದು ಬೆಂಗಳೂರಿನಲ್ಲೇ ಆಗಿರಲಿ, ಆನ್‌ಲೈನಿನಲ್ಲೇ ಆಗಿರಲಿ, ದೂರು ಕೊಡುವವರು ವಾಸ ಇರುವ ಜಿಲ್ಲೆಯಲ್ಲೇ ದಾಖಲಿಸಲು ಕಾಯ್ದೆ ಅವಕಾಶ ಕೊಟ್ಟಿದೆ. ಹಾಗಾಗಿ ಕೊತ್ತತ್ತಿಯವರು ಮಂಡ್ಯಕ್ಕೆ ಬಂದರೆ ಸಾಕು. ₹5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ಗಡುವು ಎರಡು ವರ್ಷ.